ವಕೀಲನೂ ವಿದ್ಯಾರ್ಥಿಯೇ



ಹುಪರಿಯ ಬೆಳ್ಳಿ ಕುಶಲಕರ್ಮಿ ಹೊಸ ನಮೂನೆ ಬಂದಾಗ ಮತ್ತೆ ಕಲಿಯುತ್ತಾನೆ. ವಕೀಲನೂ ಹಾಗೆಯೇ ಕಲಿಯಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತು. ಕೊಲೆಯ ಶಿಕ್ಷೆಯ 302ನೆಯ ಕಲಂ ಈಗ 103 ಆಗಿದೆ. ಅದಕ್ಕೆ ಮೊದಲು ಘಟಿಸಿದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯ. ಎರಡನ್ನೂ ಬಲ್ಲವನೇ ಕಕ್ಷಿದಾರನನ್ನು ಕಾಯಬಲ್ಲ.

2025ರ ಆಗಸ್ಟ್ 18ರಿಂದ ಮುಂಬಯಿ ಉಚ್ಚ ನ್ಯಾಯಾಲಯದ ಪೀಠ ಕೊಲ್ಹಾಪುರದಲ್ಲಿಯೇ ಕಲಾಪ ನಡೆಸುತ್ತಿದೆ. ಇದುವರೆಗೆ ಮುಂಬಯಿಗೆ ಅಲೆಯುತ್ತಿದ್ದ ಬಡ ಕಕ್ಷಿದಾರ ಇನ್ನು ನಮ್ಮನ್ನೇ ನಂಬಿ ಬರುತ್ತಾನೆ. ರಿಟ್ ಅರ್ಜಿಯ ಬರವಣಿಗೆ, ಇಂಗ್ಲಿಷಿನಲ್ಲಿ ವಾದಮಂಡನೆ ಕಲಿಯದಿದ್ದರೆ ಆ ನಂಬಿಕೆಗೆ ದ್ರೋಹ ಬಗೆದಂತೆ.

ಇಪ್ಪತ್ತು ವರ್ಷ ವಕೀಲಿ ಮಾಡಿದ ನಾನು ಕಿರಿಯರೊಡನೆ ತರಬೇತಿಗೆ ಕುಳಿತೆ. ಸಂಕೋಚವಾಗಲಿಲ್ಲ. ತಿಳಿಯದ್ದನ್ನು ಕೈಯೆತ್ತಿ ಕೇಳುವುದನ್ನು ಈ ಕನ್ನಡ ಶಾಲೆ ನನಗೆ ಮೊದಲೇ ಕಲಿಸಿತ್ತು.