ಉಲುರು ಬಂಡೆಯ ಒಂದು ಸುತ್ತು

ಆಸ್ಟ್ರೇಲಿಯಾದ ನಟ್ಟನಡುವಿನ ಕೆಂಪು ಮರಳುಗಾಡು. ಸುತ್ತ ಎಲ್ಲವೂ ಬಯಲು. ಆ ಬಯಲಿನಿಂದ 348 ಮೀಟರ್ ಎತ್ತರಕ್ಕೆ ಒಂದೇ ಮೈಯಾಗಿ ಎದ್ದು ನಿಂತಿದೆ ಉಲುರು ಬಂಡೆ. ಅದರ ಬುಡ ಸುತ್ತುವ ದಾರಿ ಹತ್ತು ಕಿಲೋಮೀಟರಿಗೂ ತುಸು ಹೆಚ್ಚು. ಕೆಲವರು ನಡೆಯುತ್ತಾರೆ, ಕೆಲವರು ಓಡುತ್ತಾರೆ. ಬೇಸಿಗೆಯಲ್ಲಾದರೆ ಬೆಳಗಿನ ಹನ್ನೊಂದು ಗಂಟೆಯೊಳಗೆ ಸುತ್ತು ಮುಗಿಸಲೇಬೇಕು. ಆಮೇಲಿನ ಬಿಸಿಲು ಜೀವಕ್ಕೇ ಸಂಚಕಾರ.

ಹಿಂದೆ ಬಂದವರ ಕಣ್ಣೆಲ್ಲ ನೆತ್ತಿಯ ಮೇಲೆ. 1964ರಲ್ಲಿ ಬಂಡೆಗೆ ಗೂಟ ಹೊಡೆದು ಸರಪಳಿ ಕಟ್ಟಿದರು. ಸಾಲುಗಟ್ಟಿ ಹತ್ತುವವರನ್ನು ಕಂಡು, ಆ ನೆಲದ ಮೂಲ ಒಡೆಯರಾದ ಅನಂಗು ಜನ 'ಮಿಂಗ' ಎಂದರು. ಅವರ ಮಾತಿನಲ್ಲಿ ಮಿಂಗ ಎಂದರೆ ಇರುವೆ. ವರ್ಷಗಳುದ್ದಕ್ಕೂ 37 ಮಂದಿ ಆ ಏರಿನಲ್ಲಿ ಪ್ರಾಣ ಬಿಟ್ಟರು. ತಮ್ಮ ನೆಲಕ್ಕೆ ಬಂದ ಅತಿಥಿ ಸತ್ತರೆ ಅನಂಗು ಜನಕ್ಕೆ ಅದು ಮನೆಯ ಸಾವಿನಷ್ಟೇ ನೋವು. ಹತ್ತಬೇಡಿ ಎಂದು ಅವರು ಕೇಳಿಕೊಳ್ಳುತ್ತಲೇ ಬಂದರು.

1985ರ ಅಕ್ಟೋಬರ್ 26ರಂದು ಆ ಭೂಮಿ ಅವರ ಕೈಗೆ ಮರಳಿತು. ಮೂವತ್ತನಾಲ್ಕು ವರ್ಷಗಳ ಬಳಿಕ, 2019ರಲ್ಲಿ, ಅದೇ ತಾರೀಖಿಗೆ ಏರುದಾರಿ ಮುಚ್ಚಿತು. ಸರಪಳಿ ಕಿತ್ತರು. ಲಕ್ಷಾಂತರ ಪಾದಗಳು ಸವೆಸಿದ ಮಾಸಲು ಗೆರೆ ಮಾತ್ರ ಕೆಂಪು ಮೈಮೇಲೆ ಇನ್ನೂ ಕಾಣುತ್ತದೆ, ಹಳೆಯ ಗಾಯದ ಕಲೆಯಂತೆ.

ಈ ನೆಲದಲ್ಲಿ ಓಡುವುದು ಹೇಗೆ ಎಂಬುದನ್ನು ನೋವಾ ಪೆರಿಸ್ ಆಗಲೇ ತೋರಿಸಿದ್ದರು. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಆಸ್ಟ್ರೇಲಿಯಾ ಮೂಲನಿವಾಸಿ ಅವರು. ಸಿಡ್ನಿ ಒಲಿಂಪಿಕ್ಸ್‌ನ ಜ್ಯೋತಿ 2000ದ ಜೂನ್ 8ರಂದು ಆ ದೇಶದಲ್ಲಿ ತನ್ನ ಓಟ ಶುರು ಮಾಡಿದ್ದು ಉಲುರುವಿನ ಬುಡದಲ್ಲಿ. ಅದನ್ನು ಹಿಡಿದು ನೋವಾ ಬರಿಗಾಲಲ್ಲಿ ಓಡಿದರು. ನೆಲಕ್ಕೆ ಸಲ್ಲಿಸುವ ಗೌರವ ಇದಕ್ಕಿಂತ ಹೆಚ್ಚು ಇನ್ನೇನಿದ್ದೀತು!

ದೂರದಿಂದ ನುಣ್ಣಗೆ ಕಾಣುವ ಬಂಡೆ ಹತ್ತಿರ ಹೋದರೆ ಬೇರೆಯೇ. ಮೀನಿನ ಹುರುಪೆಯಂತೆ ಚಕ್ಕೆಚಕ್ಕೆಯಾಗಿ ಏಳುವ ಮೈ. ಆ ಕೆಂಪು, ಕಲ್ಲಿನೊಳಗಿನ ಕಬ್ಬಿಣಕ್ಕೆ ಹಿಡಿದ ತುಕ್ಕು. ಗವಿಗಳ ಒಳಗೆ ಕಲ್ಲಿನ ನಿಜಬಣ್ಣ ಬೂದು. ಮಳೆನೀರು ಇಳಿಯುವ ಜಾಡಿನಲ್ಲಿ ಕಪ್ಪು ಪಟ್ಟೆಗಳು. ಕೆಲವೆಡೆ ಫೋಟೊ ತೆಗೆಯಬೇಡಿ ಎಂಬ ಫಲಕವಿದೆ. ಅವು ಅನಂಗು ಜನರ ಪವಿತ್ರ ತಾಣಗಳು. ಅಲ್ಲಿ ನಡೆಯುವವರು ಮೊಬೈಲನ್ನು ಜೇಬಿಗೆ ಹಾಕಿ ಮುಂದೆ ಸಾಗುತ್ತಾರೆ.

ಸುತ್ತಿನ ದಾರಿಯಲ್ಲಿ ಮುಟಿಜುಲು ಎಂಬ ನೀರ ಮಡು ಸಿಗುತ್ತದೆ. ಮರಗಳ ನೆರಳು, ಗವಿಯ ಗೋಡೆಯಲ್ಲಿ ಹಳೆಯ ಚಿತ್ರಗಳು. ಕುನಿಯ ಎಂಬ ಹೆಬ್ಬಾವು ಹೆಣ್ಣು ತನ್ನ ಸೋದರಳಿಯನಿಗಾಗಿ ವಿಷಸರ್ಪದೊಂದಿಗೆ ಕಾದಾಡಿದ್ದು ಇಲ್ಲೇ ಎನ್ನುತ್ತದೆ ಅನಂಗು ಕಥೆ. ಅವಳು ಕೊಟ್ಟ ಪೆಟ್ಟುಗಳು ಬಂಡೆಯಲ್ಲಿ ಆಳವಾದ ಬಿರುಕುಗಳಾಗಿ ಉಳಿದಿವೆ. ಓಡಿ ಬಂದವರೂ ಇಲ್ಲಿ ನಿಂತು, ಕತ್ತೆತ್ತಿ, ಆ ಬಿರುಕುಗಳನ್ನು ಹುಡುಕುತ್ತಾರೆ.