ತಿದ್ದಿದವರು ಯಾರು, ಯಾವಾಗ?



ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಒಂದು ತುಂಡು ಜಾಗ ಮಾರಾಟವಾಯಿತೆಂದರೆ ವಿಲ್ಲೇಜ್ ಆಫೀಸಿನಲ್ಲಿ ಪೋಕ್ಕುವರವು, ಅಂದರೆ ಮ್ಯುಟೇಶನ್, ಆಗಬೇಕು. ತಂಡಪ್ಪೇರು ಎಂಬ ಭೂತೆರಿಗೆ ಲೆಕ್ಕದಲ್ಲಿ ಆ ಸರ್ವೆ ನಂಬರು ಹಳಬರ ಹೆಸರಿನಿಂದ ಕಳೆದು ಹೊಸಬರ ಹೆಸರಿಗೆ ಸೇರಬೇಕು. ಅವರ ಹೆಸರಿನಲ್ಲಿ ತೀರ್ವೆ ಕಟ್ಟಲು ಆಗುವುದು ಆಮೇಲೆಯೇ. ಈಗ ಇದೆಲ್ಲ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಹಾಗಾದರೆ ಹಳೆಯ ಹೆಸರು ಎಲ್ಲಿ ಹೋಯಿತು? ಬದಲಿಸಿದವರು ಯಾರು, ಯಾವ ದಿನ, ಯಾವ ಆಧಾರದ ಮೇಲೆ? ಈ ಪ್ರಶ್ನೆಗಳು ಕಂಪ್ಯೂಟರಿಗಿಂತ ಬಹಳ ಹಳೆಯವು.

ಹಿಂದೆ ಲೆಕ್ಕ ಇದ್ದದ್ದು ಶಾನುಭೋಗರ ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಪದರ ಪದರವಾಗಿ ಮಡಚಿದ ಕಪ್ಪು ಪುಸ್ತಕ ಅದು. ಬರೆಯುತ್ತಿದ್ದದ್ದು ಬಳಪದಲ್ಲಿ. ಜೋಪಾನ ಮಾಡಿದರೆ ತಲೆಮಾರುಗಟ್ಟಲೆ ಬಾಳುತ್ತಿತ್ತು. ಉಜ್ಜಿದರೆ ಅಳಿಸಿಯೂ ಹೋಗುತ್ತಿತ್ತು. ಟಿಪ್ಪುವಿನ ಪತನದ ಬಳಿಕ, 1799ರಲ್ಲಿ ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹಳೆಯ ಕಂದಾಯ ಎಷ್ಟಿತ್ತೆಂದು ತಿಳಿಯಲು ಇಂಥ ಕಡತಗಳನ್ನೇ ನೆಚ್ಚಬೇಕಾಯಿತು. ಅಳಿಸಲು ಬರುವ ಪುಸ್ತಕವನ್ನು ನಂಬುವುದೆಂದರೆ ಬರೆದವನನ್ನು ನಂಬುವುದು, ಬೇರೆ ದಾರಿ ಇರಲಿಲ್ಲ.

ಕಾಗದ ಮತ್ತು ಶಾಯಿ ಬಂದ ಮೇಲೆ ನಿಯಮ ಬಿಗಿಯಾಯಿತು. 1908ರ ನೋಂದಣಿ ಕಾಯ್ದೆಯ ಪ್ರಕಾರ, ದಸ್ತಾವೇಜಿನಲ್ಲಿ ಅಳಿಸಿದ್ದು, ತಿದ್ದಿದ್ದು, ಸಾಲುಗಳ ನಡುವೆ ಸೇರಿಸಿದ್ದು ಇದ್ದರೆ ಬರೆದುಕೊಟ್ಟವರು ಅದಕ್ಕೆ ರುಜು ಹಾಕಿ ಒಪ್ಪಿಕೊಂಡಿರಬೇಕು. ಇಲ್ಲದಿದ್ದರೆ ಅಧಿಕಾರಿ ಪತ್ರವನ್ನು ನೋಂದಾಯಿಸದೆ ಬಿಡಬಹುದು.

ಕಂಪ್ಯೂಟರು ಬಂದಾಗ ನಾವು ಒಂದು ರೀತಿಯಲ್ಲಿ ಮತ್ತೆ ಬಳಪದ ಕಾಲಕ್ಕೆ ಹೋದೆವು. ಡೇಟಾಬೇಸಿನಲ್ಲಿ ಒಂದು ಹೆಸರು ಬದಲಿಸಿದರೆ ಹಳೆಯದರ ಜಾಗದಲ್ಲೇ ಹೊಸತು ಕೂರುತ್ತದೆ, ಗೆರೆ ಎಳೆದ ಗುರುತೂ ಉಳಿಯುವುದಿಲ್ಲ. ಈ ಅಪಾಯವನ್ನು ಅಮೆರಿಕದ ವಿಜ್ಞಾನಿ ಜಿಮ್ ಗ್ರೇ 1981ರಲ್ಲೇ ಎತ್ತಿ ಹೇಳಿದ್ದರು. ಒಳ್ಳೆಯ ಲೆಕ್ಕಿಗ ಪುಸ್ತಕವನ್ನು ಅಳಿಸುವುದಿಲ್ಲ, ತಪ್ಪಾದರೆ ಸರಿಪಡಿಸುವ ಹೊಸ ನಮೂದು ಬರೆಯುತ್ತಾನೆ ಎಂಬುದು ಅವರು ಕೊಟ್ಟ ಉದಾಹರಣೆ.

ಈಗಿನ ಪರಿಹಾರ ಹೀಗಿದೆ. ಮೂಲ ದಾಖಲೆಯ ಪಕ್ಕದಲ್ಲಿ ಇನ್ನೊಂದು ಕೋಷ್ಟಕ. ದಾಖಲೆ ಬದಲಾದ ಕ್ಷಣವೇ ಟ್ರಿಗರ್ ಎಂಬ ಏರ್ಪಾಡು ಹಳೆಯ ನಮೂದು, ಹೊಸ ನಮೂದು, ಸಮಯ, ಬದಲಿಸಿದವರ ಹೆಸರು ಇಷ್ಟನ್ನೂ ಅದರಲ್ಲಿ ಬರೆದಿಡುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ವೆಬ್‌ಸೈಟಿನ ಮೂಲಕ ಸಾವಿರ ಮಂದಿ ಕೆಲಸ ಮಾಡಿದರೂ ಸಾಮಾನ್ಯವಾಗಿ ಡೇಟಾಬೇಸಿನ ಕಣ್ಣಿಗೆ ಅವರೆಲ್ಲ ಒಬ್ಬರೇ, ಏಕೆಂದರೆ ಎಲ್ಲರೂ ಬರುವುದು ಆ ವೆಬ್‌ಸೈಟಿನ ಹೆಸರಿನಲ್ಲಿ. ಆದ್ದರಿಂದ ಲಾಗಿನ್ ಆದವರ ನಿಜವಾದ ಗುರುತನ್ನು ಪ್ರೋಗ್ರಾಮು ಪ್ರತಿ ಸಲ ಒಳಗೆ ಕಳಿಸಬೇಕು. ಆ ಕೋಷ್ಟಕಕ್ಕೆ ಸೇರಿಸುವ ಅನುಮತಿ ಮಾತ್ರ ಇರಬೇಕು. ಅಳಿಸುವ ಅನುಮತಿ ಎಷ್ಟೇ ದೊಡ್ಡ ಅಧಿಕಾರಿಗೂ ಇರಬಾರದು.

ಬದಲಿಸಿದವರ ಗುರುತು ಮುಖ್ಯ ಎಂಬುದನ್ನು ಕರ್ನಾಟಕದ ಭೂಮಿ ಯೋಜನೆ ಬೇಗನೆ ಅರಿತಿತ್ತು. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಪಾಸ್‌ವರ್ಡ್ ಒಂದನ್ನೇ ನೆಚ್ಚದೆ ಸಿಬ್ಬಂದಿಯ ಬೆರಳಚ್ಚನ್ನೂ ಕೇಳಿದರು. ಮ್ಯುಟೇಶನ್ ಮಾಡಿದವರು ಅದು ನಾನಲ್ಲ ಎನ್ನುವಂತಿರಲಿಲ್ಲ. ಕಂಪನಿಗಳ ಲೆಕ್ಕಕ್ಕಂತೂ ಇದೀಗ ಕಡ್ಡಾಯ: 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸುವ, ಆ ದಾಖಲಾತಿಯನ್ನು ನಿಲ್ಲಿಸಲಾಗದ ತಂತ್ರಾಂಶವನ್ನೇ ಬಳಸಬೇಕು. ಕೇರಳದಲ್ಲಿ ಕಂದಾಯ, ನೋಂದಣಿ, ಸರ್ವೆ ಮೂರನ್ನೂ ಒಂದುಗೂಡಿಸುವ 'ಎಂಡೆ ಭೂಮಿ' ಪೋರ್ಟಲ್ 2024ರ ಅಕ್ಟೋಬರಿನಲ್ಲಿ ಮೊದಲು ತೆರೆದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮಕ್ಕೆ.

ಭೂಮಿಯ ದಾಖಲೆಗಿಂತಲೂ ನೋವಿನ ದಾಖಲೆಯೊಂದು ಪೆರ್ಲಕ್ಕೆ ಗೊತ್ತು. ಈ ಊರು ಇರುವುದು ಎಣ್ಮಕಜೆ ಪಂಚಾಯತಿನಲ್ಲಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್ ತುಂಬ ಬಾಧಿಸಿದ ಜಾಗ ಇದು. 2017ರ ವೈದ್ಯಕೀಯ ಶಿಬಿರದ ನಂತರ ಜಿಲ್ಲೆಯಲ್ಲಿ ಸಂತ್ರಸ್ತರೆಂದು ಮೊದಲು ಗುರುತಿಸಿದ್ದು 1905 ಮಂದಿಯನ್ನು. ಪಟ್ಟಿ ಹೊರಬಂದಾಗ ಉಳಿದವರು 287. ಹೋರಾಟ ನಡೆದ ಮೇಲೆ 76 ಹೆಸರು ಸೇರಿತು, ಮತ್ತೆ 511 ಸೇರಿತು. 1031 ಮಂದಿ ವರ್ಷಗಟ್ಟಲೆ ಹೊರಗೇ ಉಳಿದರು. ಒಂದೊಂದು ಹೆಸರನ್ನೂ ತೆಗೆದವರು ಯಾರು, ಯಾವ ವೈದ್ಯಕೀಯ ಕಾರಣಕ್ಕೆ ಎಂಬುದು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತ ತಾಯಿಗೆ ತಿಳಿಯಲೇಬೇಕಾದ ವಿಷಯ. ಪಟ್ಟಿಯಷ್ಟೇ ಪವಿತ್ರ ಆ ಪಟ್ಟಿಯ ತಿದ್ದುಪಡಿಯ ದಾಖಲೆ ಎಂದು ನಾನು ನಂಬುತ್ತೇನೆ.

ಮಾಹಿತಿ ಹಕ್ಕು ಕಾಯ್ದೆ 2005ರಿಂದ ನಮ್ಮ ಕೈಯಲ್ಲಿದೆ. ಯಾವುದೇ ಸರ್ಕಾರಿ ದಾಖಲೆಯಲ್ಲಿ ನಿಮ್ಮ ಹೆಸರು, ಜಾಗ, ಸವಲತ್ತು ಬದಲಾಗಿದ್ದರೆ ಸುಮ್ಮನಿರಬೇಡಿ. ಮೊದಲಿನ ನಮೂದು ಏನಿತ್ತು, ಬದಲಿಸಿದ ಅಧಿಕಾರಿ ಯಾರು, ಯಾವ ದಿನ, ಯಾವ ಆದೇಶದ ಮೇಲೆ ಎಂಬುದನ್ನು ಅರ್ಜಿ ಕೊಟ್ಟು, ಬರಹದಲ್ಲೇ ಕೇಳಿ ಪಡೆಯಿರಿ.