ದವಡೆ ಕಟ್ಟಿದವರ ಉಸಿರಿಗೆ ಕಾವಲು



ಪಾಂಡೇಸರಾದ ಡೈಯಿಂಗ್ ಮಿಲ್ಲುಗಳ ಕಡೆ ಯಾರಿಗಾದರೂ ದವಡೆ ಆಪರೇಷನ್ ಆದರೆ, ರಾತ್ರಿ ಜೊತೆಗಿರುವವರು ಹೆಚ್ಚಾಗಿ ಪಾಳಿ ಮುಗಿಸಿ ಬಂದ ಗೆಳೆಯರೇ. ಊರಿನವರು ಬರುವ ಹೊತ್ತಿಗೆ ಎರಡು ದಿನ ಕಳೆದಿರುತ್ತದೆ. ಕಷ್ಟದ ದಿನಗಳೂ ಅವೇ. ಆದ್ದರಿಂದ ಈ ಮಾತು ಆ ಗೆಳೆಯರಿಗೆ.

ಅಪಘಾತದಲ್ಲಿ ದವಡೆ ಮುರಿದಾಗ ಈಗ ಸಾಮಾನ್ಯವಾಗಿ ಪ್ಲೇಟು, ಸ್ಕ್ರೂ ಹಾಕುತ್ತಾರೆ. ಕೆಲವರಿಗೆ ಮೇಲಿನ, ಕೆಳಗಿನ ಹಲ್ಲುಗಳನ್ನು ತಂತಿಯಿಂದಲೋ ರಬ್ಬರಿನಿಂದಲೋ ಕೆಲವು ವಾರ ಬಿಗಿದಿಡುತ್ತಾರೆ. ಬಾಯಿ ತೆರೆಯುವಂತಿಲ್ಲ. ಮೂಗು ಊದಿ ಕಟ್ಟಿರಬಹುದು, ನಾಲಿಗೆಯ ಬುಡವೂ ಊದಿರುತ್ತದೆ. ಅರಿವಳಿಕೆಯ ಮಂಪರು ಬೇರೆ. ಊತ ಎರಡು ಮೂರು ದಿನ ಏರುತ್ತಲೇ ಹೋಗುತ್ತದೆ. ಮೊದಲ ರಾತ್ರಿ ಕಳೆಯಿತೆಂದು ನೀವು ಮೈಮರೆಯಬೇಡಿ.

ತಲೆ, ಎದೆ ಎತ್ತರದಲ್ಲಿರಲಿ. ತಂತಿ ಕತ್ತರಿಸುವ ಕಟರ್ ಮಂಚದ ತಲೆಯ ಹತ್ತಿರ, ಕಣ್ಣಿಗೆ ಕಾಣುವಂತೆ ಇರಲಿ. ಎಕ್ಸ್‌ರೇಗೆ ಕರೆದೊಯ್ದರೆ ಅದೂ ಜೊತೆಗೆ ಹೋಗಬೇಕು. ಮನೆಯ ಕತ್ತರಿಯಿಂದ ತಂತಿ ತುಂಡಾಗುವುದಿಲ್ಲ, ರಬ್ಬರಿಗಾದರೆ ಸಾಕು. ಯಾವುದನ್ನು ಕತ್ತರಿಸಬೇಕೆಂದು ಹಗಲಲ್ಲೇ ನರ್ಸಮ್ಮನಿಂದ ತೋರಿಸಿಕೊಳ್ಳಿ: ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ನೆಟ್ಟಗೆ ಇಳಿದಿರುವವು ಮಾತ್ರ.

ವಾಂತಿಯಾದರೆ ಗಾಬರಿಯಾಗಬೇಡಿ. ರೋಗಿಯನ್ನು ಮುಂದಕ್ಕೆ ಬಾಗಿಸಿ ಇಲ್ಲವೇ ಪಕ್ಕಕ್ಕೆ ಹೊರಳಿಸಿ. ತೆಳ್ಳಗಿನದು ಹಲ್ಲಿನ ಸಂದಿಯಿಂದ ಹೊರಬರುತ್ತದೆ. ಅದಕ್ಕೇ ಆಹಾರ ಶೋಧಿಸಿದ ಗಂಜಿ ತಿಳಿ, ರಾಗಿ ಅಂಬಲಿಯಂತಿರಬೇಕು. ಆದರೂ ಉಸಿರು ಸಿಗದಿದ್ದರೆ ಕೂಗಿ ಸಹಾಯ ಕರೆಯಿರಿ, ತಂತಿ ಕತ್ತರಿಸಿ. ಹಲ್ಲಿನ ಜೋಡಣೆಯನ್ನು ಮತ್ತೆ ಮಾಡಬಹುದು.

ಇನ್ನೊಂದು ಸಂಗತಿ. ರೋಗಿ ಚಡಪಡಿಸಿದರೆ ನಾವು ನೋವೆಂದುಕೊಂಡು ನಿದ್ದೆ ಮಾತ್ರೆ ಕೇಳುತ್ತೇವೆ. ಅದು ಗಾಳಿಗಾಗಿ ಒದ್ದಾಟವಿರಬಹುದು! ಗೊರಗೊರ ಸದ್ದು, ಜೊಲ್ಲು ನುಂಗಲಾಗದಿರುವುದು, ಮಲಗಲಾರದೆ ಎದ್ದು ಕೂರುವುದು, ಉಸಿರೆಳೆದಾಗ ಕತ್ತಿನ ಕುಳಿ ಒಳಸೇರುವುದು, ತುಟಿ ನೀಲಿಯಾಗುವುದು – ಇವನ್ನು ಕಂಡ ಕೂಡಲೇ ವೈದ್ಯರನ್ನು ಕರೆಯಿರಿ. ಮಾತಾಡಲಾರದವರ ಕೈಗೆ ಒಂದು ಸ್ಟೀಲ್ ಲೋಟ, ಚಮಚ ಕೊಡಿ. ಬಡಿದರೆ ನಿಮಗೆ ಎಚ್ಚರವಾಗುತ್ತದೆ.

ಮಾವಾ, ಗುಟ್ಕಾದಿಂದ ಬಂದ ಕ್ಯಾನ್ಸರಿಗೆ ದವಡೆಯ ಮುಂಭಾಗವನ್ನೇ ತೆಗೆದರೆ ನಾಲಿಗೆಗೆ ಆಧಾರ ತಪ್ಪಿ ಹಿಂದಕ್ಕೆ ಜಾರುತ್ತದೆ. ಅದಕ್ಕೆ ಕತ್ತಿನಲ್ಲಿ ಕೊಳವೆ ಇಡುತ್ತಾರೆ. ಅವರ ಉಸಿರು ಅಲ್ಲಿಂದಲೇ. ಹೊದಿಕೆ ಅದರ ಮೇಲೆ ಬೀಳದಿರಲಿ, ಕಫ ಕಟ್ಟದಿರಲಿ. (ಗುಜರಾತಿನಲ್ಲಿ ಗುಟ್ಕಾ ನಿಷೇಧವಾದದ್ದು 2012ರಲ್ಲಿ. ಚಟ ನಿಂತಿಲ್ಲ.)

ಮನೆಗೆ ಬಂದ ಮೇಲೆ ತೊಂದರೆಯಾದರೆ 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲೂ ಅದೇ ಸಂಖ್ಯೆ. ಊರಿನ ರೈಲು ಹತ್ತುವ ಮೊದಲು ವೈದ್ಯರ ಒಪ್ಪಿಗೆ ಪಡೆಯಿರಿ. ಕಟರ್ ಪೆಟ್ಟಿಗೆಯಲ್ಲಿ ಬೇಡ, ಜೊತೆಗಿರುವವರ ಜೇಬಿನಲ್ಲಿರಲಿ.